ಮರೆತವರ ಜೊತೆ ನಡೆಯುವ ದುರ್ಗಮ್ಮ

ಕುಮಟೆಯ ವನ್ನಳ್ಳಿ ಕಡಲತೀರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎಂಬತ್ತರ ಹತ್ತಿರದ ಮಾಬ್ಲ ಹರಿಕಂತ್ರರು ಪಂಚೆ ಮೇಲೆತ್ತಿ ಕಟ್ಟಿಕೊಂಡು ನೀರಿನ ಕಡೆಗೆ ಬಿರಬಿರನೆ ನಡೆಯುತ್ತಿದ್ದಾರೆ. ಅವರ ಹಿಂದೆಯೇ, ಕೈ ಚಾಚಿದರೆ ಅಂಗಿ ಸಿಗುವಷ್ಟು ಹತ್ತಿರದಲ್ಲಿ, ದುರ್ಗಮ್ಮ ಮೊಗೇರ ಇದ್ದಾರೆ. ಭಟ್ಕಳದವರು. ಹಿಂದಿನ ಸಂಜೆಯ ಬಸ್ಸಿಗೆ ಬಂದು ಮಾಬ್ಲರ ಮನೆಯ ಜಗಲಿಯಲ್ಲಿ ಮಲಗಿದ್ದರು.

ಮೊದಲ ತೆರೆ ಮುದುಕರ ಪಾದಕ್ಕೆ ತಾಗುತ್ತದೆ. ದುರ್ಗಮ್ಮ ಅವರನ್ನು ತಡೆಯುವುದಿಲ್ಲ, ಗದರುವುದೂ ಇಲ್ಲ.

"ತಂಡೇಲ್ರೇ, ಗಾಳಿ ಹೆಂಗದೆ? ಇಂದು ದೋಣಿ ಇಳ್ಸೂದಾ?"

ಮಾಬ್ಲರು ನಿಲ್ಲುತ್ತಾರೆ. ತಲೆಯೆತ್ತಿ ಆಕಾಶ ನೋಡುತ್ತಾರೆ, ಕೆನ್ನೆಗೆ ಗಾಳಿ ಹಿಡಿಯುತ್ತಾರೆ. "ತೆಂಕ್ಲ ಗಾಳಿ. ಇಂದು ಬ್ಯಾಡ," ಎನ್ನುತ್ತಾರೆ ಗಟ್ಟಿಯಾಗಿ.

"ಆತು. ಹಂಗಾರೆ ಮನೆಗೆ ಹೋಪ. ಗಂಜಿ ತಣೀತದೆ."

ಇಬ್ಬರೂ ತಿರುಗಿ ನಡೆಯುತ್ತಾರೆ. ದೂರದಲ್ಲಿ ಯಂತ್ರದ ಬೋಟುಗಳು ಸದ್ದು ಮಾಡುತ್ತಾ ಹೋಗುತ್ತಿವೆ. ಮಾಬ್ಲರಿಗೆ ಅವು ಕಾಣುವುದಿಲ್ಲವೋ, ಕಂಡರೂ ಲೆಕ್ಕಕ್ಕಿಲ್ಲವೋ. ಅವರ ಕಡಲಿನಲ್ಲಿ ಇನ್ನೂ ರಂಪಣಿ ಬಲೆಯ ಕಾಲವೇ ನಡೆಯುತ್ತಿದೆ. ಊರಿಗೆ ಊರೇ ದಡದಲ್ಲಿ ನಿಂತು ಹಗ್ಗ ಎಳೆಯುತ್ತಿದ್ದ, ಬಂಗಡೆಯ ರಾಶಿಯನ್ನು ಮಕ್ಕಳೂ ನಾಯಿಗಳೂ ಸುತ್ತುತ್ತಿದ್ದ ಆ ಕಾಲ ಮುಗಿದು ಹತ್ತು ವರ್ಷವೂ ಆಗಿಲ್ಲ. ಆದರೆ ಅದು ಯಾವುದೋ ಜನ್ಮದ ಮಾತಿನಂತೆ ಕೇಳುತ್ತದೆ. ಆ ದಿನಗಳಲ್ಲಿ ಬಲೆ ಬಿಡುವ ದೋಣಿಗೆ ಮಾಬ್ಲರೇ ತಂಡೇಲ, ಅಂದರೆ ಮುಖ್ಯಸ್ಥ. ಅವರು ಕೈ ಎತ್ತದೆ ಬಲೆ ನೀರಿಗೆ ಬೀಳುತ್ತಿರಲಿಲ್ಲ.

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಇಪ್ಪತ್ತಕ್ಕೂ ಹೆಚ್ಚು ಮನೆಗಳಲ್ಲಿ ಹೀಗೆ ಮರೆವು ಹಿಡಿದ ಹಿರಿಯರಿದ್ದಾರೆ. ದುರ್ಗಮ್ಮ ಸರದಿಯ ಮೇಲೆ ಅವರ ಮನೆಗಳಿಗೆ ಹೋಗುತ್ತಾರೆ. ಸ್ನಾನ ಮಾಡಿಸುತ್ತಾರೆ, ಉಣ್ಣಿಸುತ್ತಾರೆ, ಹೆಚ್ಚಿನ ಹೊತ್ತು ಸುಮ್ಮನೆ ಜೊತೆಗೆ ಕೂರುತ್ತಾರೆ. ಅವರನ್ನು ಈ ಕೆಲಸಕ್ಕೆ ತಂದದ್ದು ಓದೂ ಅಲ್ಲ, ತರಬೇತಿಯೂ ಅಲ್ಲ. ತಂದವರು ಅವರ ತಾಯಿ ತಿಮ್ಮಿ.

ತಿಮ್ಮಿ ಭಟ್ಕಳದ ಓಣಿಗಳಲ್ಲಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದವರು. ಸಾವಿರದ ಒಂಬೈನೂರ ಎಪ್ಪತ್ನಾಲ್ಕರ ಸುಮಾರಿಗೆ ಅವರಿಗೆ ಮರೆವು ಹಿಡಿಯಿತು. ಮೊದಲು ಒಲೆಯ ಮೇಲಿಟ್ಟ ಪಾತ್ರೆ ಮರೆತರು, ಆಮೇಲೆ ಮನೆಯ ದಾರಿ, ಕೊನೆಗೆ ಮಗಳ ಹೆಸರು. ಮೀನಿನ ಬುಟ್ಟಿಯನ್ನು ಮಾತ್ರ ಮರೆಯಲಿಲ್ಲ. ಕೋಳಿ ಕೂಗುತ್ತಿದ್ದಂತೆ ಎದ್ದು ಬುಟ್ಟಿ ಹುಡುಕುತ್ತಿದ್ದರು. ಅಡಗಿಸಿಟ್ಟರೆ ಎದೆ ಬಡಿದುಕೊಂಡು ಅಳುತ್ತಿದ್ದರು.

"ಎಂತ ಮಾಡೂದು? ಬುಟ್ಟೀಲಿ ನಾಲ್ಕು ತಾರ್ಲೆ ಮೀನು ಹಾಕಿ ತಲೆ ಮೇಲೆ ಇಟ್ಟೆ. ನಾನು ನನ್ ಬುಟ್ಟಿ ಹೊತ್ಕಂಡು ಹಿಂದಿಂದ ಹೋದೆ," ಎನ್ನುತ್ತಾರೆ ದುರ್ಗಮ್ಮ.

ಭಟ್ಕಳದ ಮುಸ್ಲಿಮರಾದ ನವಾಯತರ ಓಣಿಯಲ್ಲಿ ತಿಮ್ಮಿ ಹಳೆಯ ಮನೆಗಳ ಹಿತ್ತಲ ಬಾಗಿಲಿಗೆ ನಿಂತು ಕೂಗುತ್ತಿದ್ದರು. ಎಂದೋ ತೀರಿಹೋದ ಹೆಂಗಸರ ಹೆಸರು ಹಿಡಿದು ಕರೆಯುತ್ತಿದ್ದರು. ಒಂದು ಮನೆಯಲ್ಲಿ ಹಾಗೆ ಕರೆದಾಗ ಸತ್ತವಳ ಸೊಸೆ ಹೊರಗೆ ಬಂದಳು. ಒಂದು ಗಳಿಗೆ ದುರ್ಗಮ್ಮನ ಮುಖ ನೋಡಿದಳು. ಆಮೇಲೆ ತಿಮ್ಮಿಯ ಕಡೆ ತಿರುಗಿ ತಮ್ಮ ನವಾಯತಿ ಮಾತಿನಲ್ಲಿ, "ಇವತ್ತು ಯಾಕೆ ತಡ ಮಾಡಿದೆ ತಿಮ್ಮಿ? ಕಾದು ಕಾದು ಸಾಕಾಯಿತು," ಎಂದಳು. ತಿಮ್ಮಿಯ ಮುಖ ಅರಳಿತು. ಅದೇ ಭಾಷೆಯಲ್ಲಿ ಜಗಳ ತೆಗೆದು, ಚೌಕಾಸಿ ಮಾಡಿ, ಮೀನು ಕೊಟ್ಟರು. ಮರುದಿನದಿಂದ ಓಣಿಯ ಉಳಿದ ಮನೆಗಳವರೂ ಹಾಗೆಯೇ ಬಂದು ಕೊಳ್ಳತೊಡಗಿದರು. ಸಾಯುವ ವರ್ಷದವರೆಗೂ ತಿಮ್ಮಿ ವ್ಯಾಪಾರ ಮಾಡಿದರು.

ಈ ಸುದ್ದಿ ಹೊನ್ನಾವರದ ಡಾಕ್ಟರ್ ಹರಿಹರ ಅವರ ಕಿವಿಗೆ ಬಿದ್ದದ್ದು ಎಂಬತ್ತೊಂದರಲ್ಲಿ. ಮುಪ್ಪಿನ ಮರೆವಿನ ಬಗ್ಗೆ ಅವರು ಆಗ ಒಂದು ಅಧ್ಯಯನ ಶುರು ಮಾಡಿದ್ದರು. ಮನೆಮನೆಗೆ ಹೋಗಿ, ಇಂಥವರು ದಿನ ಹೇಗೆ ಕಳೆಯುತ್ತಾರೆ, ಮನೆಯವರು ಹೇಗೆ ನೋಡಿಕೊಳ್ಳುತ್ತಾರೆ ಎಂದು ನೋಡಿ ಬಂದು ಹೇಳುವವರು ಅವರಿಗೆ ಬೇಕಿದ್ದರು. ದುರ್ಗಮ್ಮನನ್ನು ಕರೆಸಿದರು. ಮಾತಿನ ನಡುವೆ ಇದು ಮೆದುಳಿನ ಕಾಯಿಲೆ, ಇದಕ್ಕೆ ಡಿಮೆನ್ಶಿಯಾ ಎನ್ನುತ್ತಾರೆ ಎಂದು ವಿವರಿಸಿದರು.

"ಅರಳುಮರಳು, ಗಾಳಿ ಸೋಕಿದ್ದು, ಏನೆಲ್ಲ ಹೇಳಿದ್ರು ಜನ. ಕಾಯಿಲೆ ಹೇಳಿ ಡಾಕ್ಟ್ರು ಹೇಳಿದ್ ದಿನ ನಾನು ಅಲ್ಲೇ ಕೂತು ಅತ್ತೆ. ಅಬ್ಬೆ ನನ್ ಹೆಸ್ರು ಬೇಕಂತ್ಲೇ ಮರ್ತದ್ದಲ್ಲ, ಅಲ್ವಾ?"

ಡಾಕ್ಟರು ಕಲಿಸಿದ್ದನ್ನೆಲ್ಲ ಅವರು ಇವತ್ತಿಗೂ ಪಾಲಿಸುತ್ತಾರೆ. ಶಾಂತವಾಗಿದ್ದವರು ಒಮ್ಮೆಲೇ ಕೂಗಾಡತೊಡಗಿದರೆ ಮೂತ್ರದ ಸೋಂಕು ಇರಬಹುದು ಎಂಬುದು ಅವುಗಳಲ್ಲಿ ಒಂದು. ಈಚೆಗೆ ಹೊನ್ನಾವರದ ಒಬ್ಬ ಅಜ್ಜಿಯನ್ನು ಮನೆಯವರು ದೆವ್ವ ಬಿಡಿಸಲು ಕರೆದೊಯ್ಯುತ್ತಿದ್ದಾಗ ದಾರಿಯಲ್ಲೇ ತಡೆದು ಆಸ್ಪತ್ರೆಗೆ ಸೇರಿಸಿದ್ದು ಆ ತಿಳಿವಳಿಕೆಯಿಂದಲೇ. ಅಜ್ಜಿ ವಾರದಲ್ಲಿ ಮೊದಲಿನಂತಾದರು.

ಅಧ್ಯಯನಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ನೋಡಬೇಕು, ಮನೆಯ ರೀತಿಯನ್ನು ಬದಲಿಸಬಾರದು. ಬದಲಿಸಿದರೆ ಅಧ್ಯಯನಕ್ಕೆ ಅರ್ಥವಿಲ್ಲ. ದುರ್ಗಮ್ಮ ಒಂದು ವರ್ಷ ಹಾಗೆಯೇ ನಡೆದುಕೊಂಡರು. ಆಮೇಲೆ ಮಾಬ್ಲರ ಮನೆಯ ಸರದಿ ಬಂತು.

ಮಾಬ್ಲರನ್ನು ಕಂಬಕ್ಕೆ ಕಟ್ಟಿದ್ದರು. ಕಾಲಿಗೆ ಬಲೆಯ ಹಗ್ಗ, ಹಗ್ಗದ ಅಡಿ ಹುಣ್ಣು. ಕಟ್ಟಿದವನು ಮಗ ವೆಂಕಟ. ಅವನೇನೂ ಕೆಟ್ಟವನಲ್ಲ. ಅಪ್ಪ ಎರಡು ಸಲ ಬೆಳಗಿನ ಜಾವ ಕುತ್ತಿಗೆಮಟ್ಟದ ನೀರಿಗೆ ಇಳಿದಿದ್ದರು. ಎರಡನೆಯ ಸಲ ಎಳೆದು ತಂದಾಗ ಉಸಿರೇ ಇರಲಿಲ್ಲ ಎನ್ನುವಂತಿತ್ತು. ವೆಂಕಟ ಬೋಟಿಗೆ ಹೋಗಬೇಕು, ತಾಯಿ ನಾಗು ಒಣಮೀನಿನ ಕೆಲಸಕ್ಕೆ ಹೋಗಬೇಕು. ಗಂಡನಿಗೆ ಊಟ ಹಾಕುವಾಗೆಲ್ಲ ನಾಗು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ದುರ್ಗಮ್ಮ ಎರಡು ಸಲ ನೋಡಿ ಬಂದರು. ಮೂರನೆಯ ಸಲ ಕುಳಿತು ಹಗ್ಗ ಬಿಚ್ಚಿದರು.

"ಮುಳುಗಿದ್ರೆ ಯಾರು ಹೊಣೆ?" ವೆಂಕಟ ಕೂಗಿದ.

"ನಾನೇ ಮಾರಾಯ."

ಹೇಳಿದ್ದು ಸುಲಭ. ಮಾಬ್ಲರು ಹೊಸ್ತಿಲು ದಾಟಿದವರೇ ನೆಟ್ಟಗೆ ಕಡಲಿಗೆ ನಡೆದರು. ಕೈ ಹಿಡಿದರೆ ಕೊಸರಿಕೊಂಡರು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ದುರ್ಗಮ್ಮನಿಗೆ ಈಜು ಬಾರದು. "ಅವ್ರು ತಂಡೇಲ ಆಗಿದ್ರು ಹೇಳಿ ನಾಗು ಒಮ್ಮೆ ಅಂದಿದ್ರು. ಬಾಯಿಗೆ ಬಂದದ್ದು ಕೂಗಿದೆ. ತಂಡೇಲ್ರೇ, ಗಾಳಿ ಹೆಂಗದೆ ಹೇಳಿ."

ಮಾಬ್ಲರು ನಿಂತರು. ಆ ಹೆಸರಿನಿಂದ ಅವರನ್ನು ಕರೆದು ಎಷ್ಟೋ ವರ್ಷವಾಗಿತ್ತು. ತಿರುಗಿ, ಗಾಳಿ ನೋಡಿ, "ಬಲೆ ಇಂದು ಬ್ಯಾಡ" ಎಂದು ಅಪ್ಪಣೆ ಕೊಟ್ಟರು. ದಡದಲ್ಲಿ ಓಡಿ ಬರುತ್ತಿದ್ದ ವೆಂಕಟ ಮರಳಿನ ಮೇಲೆ ಕುಸಿದು ಕುಳಿತ.

ಹೊನ್ನಾವರದಲ್ಲಿ ಡಾಕ್ಟರು ಸಿಟ್ಟಾದರು. "ಅವರು ಮುಳುಗಿದ್ದರೆ? ಅಧ್ಯಯನದ ಮಾತು ಹಾಗಿರಲಿ, ನಿಮ್ಮನ್ನು ಕಳಿಸಿದವನು ನಾನು," ಎಂದರು. ದುರ್ಗಮ್ಮನಿಗೂ ಅದು ಸರಿಯೆನಿಸಿತು. ಆದರೂ, "ಬಿಚ್ಚಿದ್ ಹಗ್ಗ ಮತ್ತೆ ಕಟ್ಟೂಕೆ ನನ್ನಿಂದ ಆಗೂದಿಲ್ಲ," ಎಂದು ಕೆಲಸ ಬಿಟ್ಟು ಬಂದರು. ಮತ್ತೆ ಮೀನು ಮಾರಿದರು. ಬಿಡುವಾದಾಗ ತಾವಾಗಿಯೇ ವನ್ನಳ್ಳಿಗೆ ಹೋದರು. ಅವರಿಲ್ಲದ ದಿನಗಳಲ್ಲಿ ಗಾಳಿ ಕೇಳುವ ಕೆಲಸವನ್ನು ನಾಗು ಕಲಿತರು, ವೆಂಕಟನೂ ಕಲಿತ.

ಒಂದು ಮುಂಜಾನೆ ಡಾಕ್ಟರು ತಾವೇ ವನ್ನಳ್ಳಿಗೆ ಬಂದರು. ಮಾಬ್ಲರ ಕಾಲಿನ ಹುಣ್ಣು ಒಣಗಿತ್ತು. ರಂಪಣಿ ಎಳೆದಿದ್ದ ನಾಲ್ಕಾರು ಮುದುಕರು ಅವರ ಸುತ್ತ ಕುಳಿತು ಹರಿದ ಬಲೆಯೊಂದನ್ನು ಹರಡಿಕೊಂಡಿದ್ದರು. ಮಾಬ್ಲರು ಹೆಣೆಯುತ್ತಿದ್ದರು, ಬೈಯುತ್ತಿದ್ದರು, ನಗುತ್ತಿದ್ದರು. ಡಾಕ್ಟರು ಬಹಳ ಹೊತ್ತು ನಿಂತು ನೋಡಿದರು. ಮಾಬ್ಲರ ಮನೆಯನ್ನು ಅಧ್ಯಯನದಿಂದ ಕೈಬಿಟ್ಟು, ಉಳಿದದ್ದನ್ನು ಮುಗಿಸಿದರು. ಆಮೇಲೆ ಹಳೆಯ ಕಸುಬು ಇಂಥವರನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದನ್ನೇ ಎರಡನೆಯ ಅಧ್ಯಯನದ ವಿಷಯ ಮಾಡಿಕೊಂಡರು. ದುರ್ಗಮ್ಮನನ್ನು ಕರೆಯಲು ಭಟ್ಕಳಕ್ಕೆ ಅವರೇ ಹೋದರು.

ಹಾಗೆಂದು ಯಾರಿಗೂ ಗುಣವಾಗಿಲ್ಲ. ಮಾಬ್ಲರು ಈಗ ಹೆಂಡತಿಯನ್ನು ಎಂದೋ ತೀರಿಹೋದ ತಂಗಿಯ ಹೆಸರಿನಿಂದ ಕರೆಯುತ್ತಾರೆ. ಈ ಮಳೆಗಾಲ ಕಳೆದ ಮೇಲೆ ನಡಿಗೆಯೂ ಕುಗ್ಗಿದೆ. ಮುಂದಿನ ವರ್ಷ ಕಡಲಿನವರೆಗೆ ಬರಲಾರರು ಎಂದು ದುರ್ಗಮ್ಮನಿಗೆ ಗೊತ್ತು.

ಇದನ್ನೆಲ್ಲ ಬರೆದುಕೊಳ್ಳಲು ಬಂದ ನಾನು ದುರ್ಗಮ್ಮನ ಜೊತೆ ಮಾತಾಡುತ್ತಿರುವಾಗ ನಾಗು ಜಗಲಿಯ ಮೂಲೆಯಲ್ಲಿ, ಹಗಲು ಹೊತ್ತಿನಲ್ಲೇ, ಬಾಯಿ ತೆರೆದು ನಿದ್ದೆ ಹೋಗಿದ್ದಾರೆ. ದುರ್ಗಮ್ಮ ಬಂದ ದಿನ ಮಾತ್ರ ಅವರಿಗೆ ಇಂಥ ನಿದ್ದೆ. ದನಿ ಏರಿಸಿದ ನನಗೆ ದುರ್ಗಮ್ಮ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

ನಿಮಗೇನು ಬೇಕು ಎಂದು ಪಿಸುಮಾತಿನಲ್ಲೇ ಕೇಳುತ್ತೇನೆ. ಅವರು ಮಲಗಿರುವ ನಾಗುವಿನ ಕಡೆ ನೋಡುತ್ತಾರೆ.

"ಕುಮಟೆಯಲ್ಲೋ ಹೊನ್ನಾವರದಲ್ಲೋ ಒಂದು ಕೋಣೆ ಆದ್ರೆ ಸಾಕು. ನಾಲ್ಕು ಚಾಪೆ, ಕುಡೂಕೆ ನೀರು. ಮುದುಕ್ರಿಗಲ್ಲ, ಅವ್ರನ್ನ ನಾನು ನೋಡ್ಕಂತೆ. ಈ ಹೆಂಗಸ್ರಿಗೆ. ವಾರಕ್ಕೊಂದಿನ ಬಂದು ಮಲ್ಗಿ ಹೋಗ್ಲಿ. ಯಾರೂ ಎಬ್ಬಿಸ್ಬಾರ್ದು."