ಹಾಳು ಲೋಕ ಹುಡುಕಿಕೊಂಡು ಬಂಡ್ರಿ ಗುಡ್ಡಕ್ಕೆ

ಡಿಗ್ರಿಯ ಕೊನೆಯ ವರ್ಷ ನಮಗೆ ಕೊಟ್ಟ ಪ್ರಾಜೆಕ್ಟ್ ವಿಚಿತ್ರವಾಗಿತ್ತು. ಒಂದು ಸಿನಿಮಾದ ಆರಂಭವನ್ನಷ್ಟೇ ಮಾಡಬೇಕು, ಎರಡು ನಿಮಿಷದ್ದು. ಮುಂದಿನ ಕಥೆ ಬೇಕಿಲ್ಲ, ಆದರೆ ನೋಡಿದವರು ‘ಮುಂದೇನಾಯ್ತು?’ ಎಂದು ಕೇಳುವಂತಿರಬೇಕು. ಶೂಟಿಂಗಿಗೆ ಮೊದಲು ಜಾಗಗಳನ್ನು ಹುಡುಕಿ, ಜನರನ್ನು ಮಾತಾಡಿಸಿ, ಯಾವ ಶಾಟ್ ಆದ ಮೇಲೆ ಯಾವುದು ಎಂದು ಚಿತ್ರ ಬರೆದು ಮೇಷ್ಟ್ರಿಗೆ ತೋರಿಸಬೇಕು. ಇಬ್ಬಿಬ್ಬರದು ಒಂದು ಜೋಡಿ. ನನ್ನ ಜೊತೆಗಿದ್ದವಳು ಎಮ್ಮಿಗನೂರಿನಿಂದ ಕಂಪ್ಲಿ ಮಾರ್ಗವಾಗಿ ದಿನಾ ಬಸ್ಸಿನಲ್ಲಿ ಹೊಸಪೇಟೆಗೆ ಬರುತ್ತಿದ್ದ ಗೆಳತಿ. ಅವರದು ಅಕ್ಕಿ ಗಿರಣಿಯ ಮನೆತನ.

ನಾವು ಆರಿಸಿಕೊಂಡದ್ದು ಹಾಳಾದ ಲೋಕದ ಕಥೆ. ಮನುಷ್ಯರೆಲ್ಲ ಹೋಗಿದ್ದಾರೆ, ಒಬ್ಬ ಹೆಂಗಸು ಮಾತ್ರ ಉಳಿದಿದ್ದಾಳೆ. ಬೆಳಗಾಗುತ್ತದೆ, ಆಕೆ ನಡೆದು ಬರುತ್ತಾಳೆ. ಇಷ್ಟೇ ನಮ್ಮ ಹತ್ತಿರ ಇದ್ದದ್ದು.

ಯಾರಿಗೆ ಹೇಳಿದರೂ ಒಂದೇ ಮಾತು: “ಹಂಪಿ ಐತಲ್ಲ, ಇನ್ನೇನು ಬೇಕು?” ಒಂದು ಭಾನುವಾರ ಹೋದೆವು. ಸಾಲು ಮಂಟಪದ ಕೆಳಗೆ ಶಾಲೆ ಮಕ್ಕಳು ಬುತ್ತಿ ಬಿಚ್ಚಿ ಕೂತಿದ್ದರು. ಹೊಸದಾಗಿ ಮದುವೆಯಾದ ಜೋಡಿಗಳು ಕಂಬಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದವು. ನದಿಯ ಬಂಡೆಗಳ ಮೇಲೆ ಒಗೆದ ಸೀರೆಗಳು ಒಣಗುತ್ತಿದ್ದವು. ಟ್ರೈಪಾಡ್ ಬಿಚ್ಚುತ್ತಲೇ ಕಾವಲಿನವನು ಬಂದು ಪರ್ಮಿಷನ್ ಕೇಳಿದ. ಗೆಳತಿ ಅದನ್ನು ಮಡಚುತ್ತಾ ಹೇಳಿದಳು:

“ಇದು ಹಾಳಾದ ಊರು ಅಂತ ಇಲ್ಲಿ ಯಾರಿಗೂ ಅನಸಂಗಿಲ್ಲ ಬಿಡಲೇ. ಮದುವಿ ಮನಿಗೆ ಬಂದಂಗ ಬಂದಾರ ಎಲ್ಲಾರೂ.”

ನನಗೂ ಹಾಗೇ ಅನ್ನಿಸಿತ್ತು. ಈ ಊರಿಗಾಗಿ ಅತ್ತವರು ಸತ್ತು ಎಷ್ಟೋ ಕಾಲವಾಗಿದೆ. ನಮಗೆ ಬೇಕಾದದ್ದು ಇತ್ತೀಚೆಗೆ ಹಾಳಾದ ಜಾಗ, ಯಾರಾದರೂ ಇನ್ನೂ ನೆನೆಯುತ್ತಿರುವ ಜಾಗ. ಆ ಮಾತನ್ನು ನಾನು ಬಹಳ ಹಗುರವಾಗಿ ಅಂದುಕೊಂಡಿದ್ದೆ.

ಗೆಳತಿಯ ಸೋದರಮಾವ ಸಂಡೂರು ಕಡೆಯ ಬಂಡ್ರಿಯಲ್ಲಿ ಆಟೋ ಓಡಿಸುತ್ತಿದ್ದ. ಅವನಿಗೆ ಹೇಳಿದ್ದೇ ತಡ, ಗುಡ್ಡದ ಬುಡದಲ್ಲಿ ಪಾಳುಬಿದ್ದ ಗಣಿ ಕಾರ್ಮಿಕರ ಲೈನ್ ಮನೆಗಳ ಫೋಟೋ ಕಳಿಸಿದ. ಗಣಿ ನಿಂತಾಗ ಜನ ಬಿಟ್ಟುಹೋದ ಮನೆಗಳು. ಗಣಿ ಮತ್ತೆ ಶುರುವಾದರೂ ಅಲ್ಲಿಗೆ ಯಾರೂ ತಿರುಗಿ ಬಂದಿರಲಿಲ್ಲ. ಮಾಡಿನ ತಗಡು ಹೋಗಿ ಗೋಡೆಗಳಷ್ಟೇ ನಿಂತಿದ್ದವು. ಎಲ್ಲದರ ಮೇಲೂ ಕೆಂಪು ಧೂಳು. ನಡುವೆ ಎತ್ತರದ ಕಾಲುಗಳ ಮೇಲೆ ಒಂದು ಒಣ ನೀರಿನ ಟ್ಯಾಂಕ್. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಂದು ಸಂಜೆ ಅಡುಗೆಮನೆಯಲ್ಲಿ ಕೂತು ಆ ಫೋಟೋಗಳನ್ನು ಅವ್ವನಿಗೆ ತೋರಿಸುತ್ತಿದ್ದೆ. ಪಕ್ಕದಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಎಂದರೆ ಅಪ್ಪನ ಅಕ್ಕ. ಮಾವ ಎದೆನೋವಿನಿಂದ ತೀರಿಕೊಂಡ ಮೇಲೆ ಅಪ್ಪ ಹೋಗಿ ಅವಳನ್ನು ಮಾವನ ಊರು ಮೆಟ್ರಿಯಿಂದ ನಮ್ಮ ಮನೆಗೆ ಕರೆದುಕೊಂಡು ಬಂದಿದ್ದ. ಮಾತು ಕಡಿಮೆ, ಕೆಲಸ ಹೆಚ್ಚು. ಫೋನ್ ಕಂಡರೆ ಆಗುತ್ತಿರಲಿಲ್ಲ. ಅಂದು ಮಾತ್ರ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಗ್ಗಿದಳು.

“ಅದನ್ನ ಇನ್ನೊಮ್ಮೆ ತೋರ್ಸು. ಆ ನೀರಿನ ಟಾಕಿ.”

ದೊಡ್ಡದು ಮಾಡಿ ತೋರಿಸಿದೆ. ಟ್ಯಾಂಕಿನ ಒಂದು ಕಾಲಿಗೆ ಕಲ್ಲು ಒಟ್ಟಿ ಸಿಮೆಂಟು ಮೆತ್ತಿದ್ದರು.

“ಅದಕ್ಕ ನಿಮ್ಮ ಮಾವನ ಟಿಪ್ಪರ್ ತಾಗಿತ್ತು. ತಿಂಗಳುಗಟ್ಲೆ ಎಲ್ಲಾರೂ ಬೈದ್ರು ಅವಂಗ,” ಎಂದಳು. ಅವಳ ಮುಖದಲ್ಲಿ ಒಂದು ಸಣ್ಣ ನಗು ಬಂದು ಹೋಯಿತು. “ಯಾವಾಗ ಹೋಗ್ತೀರಿ? ನಾನೂ ಬರ್ತೀನಿ.”

ಅವ್ವ ತಡೆದಳು. “ಅವ್ರು ಬರ್ಲಿ, ಕೇಳಿ ಹೋಗೂಣಂತ ತಡೀರಿ, ವೈನಿ.” ಅಪ್ಪ ತನ್ನ ಲಾರಿಯಲ್ಲಿ ಅದಿರಿನ ಲೋಡ್ ತೆಗೆದುಕೊಂಡು ಆಂಧ್ರದ ಬಂದರಿಗೆ ಹೋಗಿದ್ದ.

“ಅವ ಬಂದ್ರ ಬ್ಯಾಡ ಅಂತಾನ,” ಎಂದಳು ಅತ್ತೆ. “ಈ ಹುಡುಗ್ಯಾರಿಗೆ ಒಬ್ಬ ಹೆಂಗಸು ಬೇಕಂತಲ್ಲ ನಡದು ಬರಾಕ. ನಾನ ಬರ್ತೀನಿ.”

ಸಂಡೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಅತ್ತೆ ತಾನಾಗಿಯೇ ಮಾತು ತೆಗೆದಳು. ಅವಳಿಗೊಬ್ಬಳು ಮಗಳಿದ್ದಳು, ಚಿಕ್ಕಂದಿನಲ್ಲೇ ಹೋದಳು ಎಂಬುದಷ್ಟೇ ನನಗೆ ಗೊತ್ತಿತ್ತು. ಬದುಕಿದ್ದರೆ ನನಗಿಂತ ಸ್ವಲ್ಪ ದೊಡ್ಡವಳು. ಮಾವ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾ ಆ ಲೈನ್ ಮನೆಯಲ್ಲಿ ಇದ್ದಾಗಲೇ ಮಗುವಿಗೆ ಜ್ವರ ಬಂತಂತೆ. ಮಳೆಗಾಲ, ಗಣಿಯ ರಸ್ತೆಯೆಲ್ಲ ಕೆಸರು, ಲಾರಿಗಳು ಸಾಲಾಗಿ ನಿಂತುಬಿಟ್ಟಿದ್ದವು. ಸಂಡೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಅವಳ ತೊಡೆಯ ಮೇಲೇ ಹೋಯಿತು. ಊರಿಗೆ ಒಯ್ಯಲಾಗದೆ ಮನೆಗಳ ಹಿಂದಿನ ಬಯಲಲ್ಲೇ ಮಣ್ಣು ಮಾಡಿದರು. ತಲೆಯ ಕಡೆಗೆ ಅತ್ತೆ ಒಂದು ಕಣಗಲ ಗಿಡ ನೆಟ್ಟಳು.

“ಆ ಮನಿ ಬಿಟ್ಟ ಮ್ಯಾಲೆ ನಾನು ಹೋಗಾಕ ಆಗ್ಲಿಲ್ಲವ್ವ. ಅಲ್ಲಿ ಗೇಟ್ ಮಾಡ್ಯಾರಂತ, ಪಾಸ್ ಇಲ್ದ ಬಿಡಂಗಿಲ್ಲಂತ. ಲಾರಿಯವ್ರಿಗಷ್ಟ ಬಿಡ್ತಾರಂತ. ಅದ್ಕ ನಿಮ್ಮಪ್ಪ ವರ್ಷಾ ಅಕಿ ಹ್ವಾದ ದಿನಕ್ಕ ಹೋಗಿ ಊದಿನಕಡ್ಡಿ ಹಚ್ಚಿ ಬರ್ತಾನ. ಗಿಡ ಈಗ ಅವನ ಎತ್ತರ ಆಗೇತಂತ. ಹ್ವಾದ ವರ್ಷ ಭಾಳ ಹೂ ಬಿಟ್ಟಿತ್ತಂತ.”

ಅವಳ ಕೈಚೀಲದಲ್ಲಿ ಊದಿನಕಡ್ಡಿ, ಕಾಯಿ, ಒಂದು ಪೊಟ್ಟಣ ಸಕ್ಕರೆ ಇದ್ದವು. ಮುಂದಿನ ಸೀಟಿನಲ್ಲಿದ್ದ ಗೆಳತಿ ಹಿಂತಿರುಗಿ ನನ್ನ ಮುಖ ನೋಡಿದಳು. ನಾವಿಬ್ಬರೂ ಬರೆದುಕೊಂಡು ಬಂದ ಶಾಟ್‌ಗಳ ಬಗ್ಗೆ ಆಮೇಲೆ ಮಾತಾಡಲಿಲ್ಲ.

ಬಂಡ್ರಿಯಿಂದ ಸೋದರಮಾವನ ಆಟೋದಲ್ಲಿ ಹೋದೆವು. ಟಾರು ರಸ್ತೆ ಮುಗಿದು ಕೆಂಪು ದಾರಿ ಹಿಡಿದು, ಲೈನ್ ಮನೆಗಳ ಎದುರಿಗೇ ಇಳಿದೆವು. ಅತ್ತೆ ಸುತ್ತ ನೋಡಿದಳು.

“ಗೇಟ್ ಎಲ್ಲೈತಪ್ಪ?”

“ಯಾವ ಗೇಟ್ ರೀ? ಗಣಿ ಗೇಟ್ ಆ ಕಡಿ ಮಗ್ಗಲಿಗೈತಿ. ಇಲ್ಲಿ ಯಾವಾಗ್ಲೂ ಗೇಟ್ ಇದ್ದಿಲ್ಲಲ್ರಿ,” ಎಂದ ಅವನು.

ಅತ್ತೆ ಕೈಚೀಲ ಎತ್ತಿಕೊಂಡಳು. ನಡೆಯತೊಡಗಿದಳು. ಗೆಳತಿ ಸುಮ್ಮನೆ ಫೋನ್ ಎತ್ತಿ ಹಿಡಿದಳು. ಮಾಡಿಲ್ಲದ ಮನೆಗಳ ಸಾಲಿನ ಮುಂದೆ, ಇಳಿಬಿಸಿಲಿನಲ್ಲಿ, ಕಂದು ಸೀರೆಯ ಒಬ್ಬ ಹೆಂಗಸು ನಡೆದು ಹೋಗುತ್ತಿದ್ದಳು. ಒಂದು ಬಾಗಿಲ ಚೌಕಟ್ಟಿನ ಹತ್ತಿರ ನಿಂತು ಅದನ್ನು ಮುಟ್ಟಿದಳು. ಒಳಗೆ ಹೋಗಿ ನೆಲದಲ್ಲಿ ಹೂತಿದ್ದ ಒರಳಿನೊಳಗಿನ ಮಣ್ಣನ್ನು ಕೈಯಿಂದ ತೆಗೆದು ಚೆಲ್ಲಿದಳು. ನಾವು ತಿಂಗಳಿಂದ ಯೋಚಿಸಿದ್ದಕ್ಕಿಂತ ಅದು ಚೆನ್ನಾಗಿತ್ತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಅದು ಅತ್ತೆಗಾಗಿಯೋ ಸಿನಿಮಾಕ್ಕಾಗಿಯೋ ಎಂದು ಕೇಳಿದರೆ ಈಗಲೂ ಹೇಳಲಾರೆ.

ಮನೆಯ ಹಿಂಬಾಗಿಲಿನಿಂದ ಹೊರಗೆ ಬಂದವಳೇ ನಿಂತುಬಿಟ್ಟಳು. ಎದುರಿಗೆ ಒಂದು ಕೆಂಪು ಗುಡ್ಡ. ಮನೆಗಳ ಬೆನ್ನಿಗೇ ಅಂಟಿಕೊಂಡಂತೆ ಎದ್ದು ನಿಂತಿತ್ತು. ಒಂದು ಹುಲ್ಲು ಕಡ್ಡಿ ಇರಲಿಲ್ಲ ಅದರ ಮೇಲೆ.

“ಇಲ್ಲಿ ಬಯಲಿತ್ತು,” ಎಂದಳು ಅತ್ತೆ. “ಈ ಗುಡ್ಡ ಇದ್ದಿಲ್ಲ.”

ಸೋದರಮಾವ ಹೇಳಿದ: “ಅದು ಗುಡ್ಡಲ್ರಿ, ಅಮ್ಮಾರ. ಗಣಿ ಅಗದ ಮಣ್ಣು. ಡಂಪ್ ಅಂತಾರ. ಭಾಳ ವರ್ಷ ಆತು ಇಲ್ಲಿ ಸುರುವಿ.”

ಅವಳು ಆ ಮಣ್ಣಿನ ಬುಡವನ್ನು ಹಿಡಿದು ಎಡಕ್ಕೆ ನಡೆದಳು. ತಿರುಗಿ ಬಂದು ಬಲಕ್ಕೆ ನಡೆದಳು. ಹಿಂಬಾಗಿಲಿಗೆ ಬೆನ್ನು ಹಚ್ಚಿ ನಿಂತು ಕಣ್ಣಳತೆಯಲ್ಲಿ ಏನೋ ಗುರುತು ಹಿಡಿದಳು. ಮತ್ತೆ ಮುಂದೆ ಹೋದಳು.

“ಕಣಗಲ ಗಿಡ ಎಲ್ಲೈತಿ? ಹೂ ಬಿಟ್ಟೈತಿ ಅಂದಿದ್ನಲ್ಲ?”

ಗೆಳತಿ ಫೋನನ್ನು ಯಾವಾಗಲೋ ಕೆಳಗಿಳಿಸಿದ್ದಳು. ನಾನು ಹತ್ತಿರ ಹೋಗಿ ಅತ್ತೆಯ ರಟ್ಟೆ ಹಿಡಿದೆ. ಆಗ ಅವಳಿಗೆ ಎಲ್ಲ ತಿಳಿಯಿತು ಎಂದು ಕಾಣುತ್ತದೆ. ಅಲ್ಲೇ ಕುಸಿದು ಕೂತಳು. ಇಳಿಜಾರಿನ ಮೇಲೆ ಅಂಗೈ ಊರಿದಳು. ಸಡಿಲ ಮಣ್ಣು ಸರಸರನೆ ಜಾರಿ ಅವಳ ಪಾದ ಮುಚ್ಚಿತು.

“ಇಷ್ಟು ಮಣ್ಣು ಯಾಕ ಹಾಕಿದ್ರವ್ವ,” ಎಂದಳು. “ಕೌದಿ ಹೊಚ್ಚಿದ್ರೂ ಭಾರ ಅಂತ ಒದ್ದು ಸರಸ್ತಿದ್ಲು ಅಕಿ.”

ಆಮೇಲೆ ಅತ್ತಳು. ನಾನು ಅವಳು ಅಳುವುದನ್ನು ನೋಡಿದ್ದು ಅದೇ ಮೊದಲು. ಮಾವ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು, ಆ ಮಣ್ಣಿನ ಬುಡದಲ್ಲೇ ಊದಿನಕಡ್ಡಿ ಸಿಕ್ಕಿಸಿ, ಕಾಯಿ ಒಡೆದು, ಸಕ್ಕರೆ ಸುರಿದಳು. ಮಗು ಅಲ್ಲಿಯೇ ಇತ್ತೋ, ಇನ್ನೂ ಒಳಗೆಲ್ಲೋ ಇತ್ತೋ, ಹೇಳುವವರಾರು?

ತಿರುಗಿ ಬರುವಾಗ ಬಸ್ಸು ಖಾಲಿಯಿತ್ತು. ಹೊಸಪೇಟೆ ಹತ್ತಿರ ಬಂದಾಗ ಅತ್ತೆ ಹೇಳಿದಳು: “ನಿಮ್ಮಪ್ಪಗ ಏನೂ ಹೇಳಬ್ಯಾಡ.”

ನನಗೆ ಅಪ್ಪನ ಮೇಲೆ ಸಿಟ್ಟಿತ್ತು. “ಇಷ್ಟು ವರ್ಷ ಸುಳ್ಳು ಹೇಳಿದ್ನಲ್ಲ, ಅತ್ತಿ.”

“ಹೇಳ್ಯಾನ. ಅವ ಹೇಳಿದ್ದು ಕೇಳಿ ಆ ದಿನ ನಾನು ಉಂಡೀನಿ. ಇಲ್ಲಂದ್ರ ಆ ದಿನ ನನಗ ತುತ್ತು ಇಳೀತಿದ್ದಿಲ್ಲ.” ಖಾಲಿ ಕೈಚೀಲವನ್ನು ಮಡಚುತ್ತಾ ಮತ್ತೆ ಹೇಳಿದಳು: “ಮೊದಲ ಸಲ ಆ ಮಣ್ಣಿನ ಗುಡ್ಡ ನೋಡಿದಾಗ ಅವ ಒಬ್ಬನ ನಿಂತಿದ್ನಲ್ಲ ಅಲ್ಲಿ. ಯಾರ ಮುಂದ ಅತ್ನೋ ಏನೋ.”

ಅದು ನನಗೆ ಹೊಳೆದೇ ಇರಲಿಲ್ಲ.

ಅಪ್ಪ ಲೋಡ್ ಇಳಿಸಿ ಬಂದ ದಿನ ಚಹಾ ಕೊಡುತ್ತಾ ಅವ್ವ, ನಾವು ಬಂಡ್ರಿಗೆ ಹೋಗಿದ್ದನ್ನು ಹೇಳಿಬಿಟ್ಟಳು. ಅವಳಿಗೆ ಅಲ್ಲಿ ಆದದ್ದು ಗೊತ್ತಿರಲಿಲ್ಲ. ಬಾಯಿಯ ಹತ್ತಿರ ಒಯ್ದಿದ್ದ ಲೋಟ ಅಪ್ಪನ ಕೈಯಲ್ಲೇ ನಿಂತಿತು. ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ.

“ಹೋಗಿದ್ದೆ, ತಮ್ಮಾ,” ಎಂದಳು ಅತ್ತೆ, ಸೊಪ್ಪು ಸೋಸುವುದನ್ನು ನಿಲ್ಲಿಸದೆ. “ಗಿಡ ಚಲೋ ಬೆಳದೈತಿ. ನೀ ಹೇಳಿದ್ದಕ್ಕಿಂತ ಎತ್ತರ ಐತಿ.”

ಅಪ್ಪ ಅಕ್ಕನನ್ನೇ ನೋಡುತ್ತಾ ಕೂತ. “ಹೌದಕ್ಕ,” ಎಂದ ಕೊನೆಗೆ. ಲೋಟ ಕೆಳಗಿಟ್ಟು ಎದ್ದು ಹೊರಗೆ ಹೋದ. ಲಾರಿಯ ಗಾಜು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸುತ್ತಿದ್ದ. ಅವ್ವ ಊಟಕ್ಕೆ ಕರೆದರೂ ಒಳಗೆ ಬರಲಿಲ್ಲ.

ಸಿನಿಮಾದ ಕೆಲಸ ನಿಲ್ಲುವಂತಿರಲಿಲ್ಲ. ನಾನು ಹೊಸದೊಂದು ಆರಂಭ ಬರೆದೆ. ಹಾಳಾದ ಲೋಕದಲ್ಲಿ ಒಬ್ಬಳಲ್ಲ, ಇಬ್ಬರು ಉಳಿದಿದ್ದಾರೆ. ಒಬ್ಬ ಹೊರಗೆ ಹೋಗಿ ಬಂದು, ಬಾವಿಯಲ್ಲಿ ನೀರಿದೆ, ಮರ ಚಿಗುರಿದೆ ಎಂದು ಹೇಳುತ್ತಾನೆ. ಅವಳು ಕೇಳಿ ನಗುತ್ತಾಳೆ. ನೋಡುವವರಿಗೆ ಮಾತ್ರ ಬಾವಿಯೂ ಮರವೂ ಇಲ್ಲದ ಬಯಲು ಕಾಣುತ್ತದೆ. ಗೆಳತಿ ಓದಿ ಕಣ್ಣು ಒರೆಸಿಕೊಂಡಳು.

“ಇದನ್ನ ಮಾಡೂಣು. ಅತ್ತಿ ನಡದು ಬಂದಿದ್ದೂ ಐತಲ್ಲ ಫೋನ್‌ನ್ಯಾಗ. ಅಂಥಾ ಶಾಟ್ ಮತ್ತ ಸಿಗಂಗಿಲ್ಲ.”

“ಎರಡೂ ಬ್ಯಾಡ,” ಎಂದೆ.

“ಯಾಕ?”

“ಮನ್ಯಾಗ ತೋರ್ಸು ಅಂತಾರ. ಅಪ್ಪ, ಅತ್ತಿ ಇಬ್ಬರ ಮುಂದ ಹೆಂಗ ತೋರಿಸ್ಲಿ?”

ಅವಳು ಮುಖ ಊದಿಸಿಕೊಂಡು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಬಂದು, ನನ್ನ ಎದುರಿಗೇ ಆ ವಿಡಿಯೋ ಅಳಿಸಿದಳು. ಕೊನೆಗೆ ಒಬ್ಬಳೇ ಉಳಿದ ಹೆಂಗಸಿನ ಮೊದಲಿನ ಕಥೆಯನ್ನೇ ಎಮ್ಮಿಗನೂರಿನಲ್ಲಿ ಅವರದೇ ಮುಚ್ಚಿದ ಹಳೆ ಗಿರಣಿಯಲ್ಲಿ ಶೂಟ್ ಮಾಡಿದೆವು. ಹಿತ್ತಲಲ್ಲಿ ಭತ್ತದ ಹೊಟ್ಟಿನ ಬೂದಿ ರಾಶಿ ರಾಶಿ ಬಿದ್ದಿತ್ತು. ಗೆಳತಿ ಹರಿದ ಕಂಬಳಿ ಹೊದ್ದು ಆ ಬೂದಿಯಲ್ಲಿ ನಡೆದಳು, ನಾನು ತೆಗೆದೆ. ತರಗತಿಯಲ್ಲಿ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ದೃಶ್ಯಗಳನ್ನು ಹೊಗಳಿ, “ಆದರೆ ಈ ಹೆಂಗಸು ಯಾರನ್ನು ಕಳೆದುಕೊಂಡಿದ್ದಾಳೆ ಅನ್ನೋದು ತಿಳಿಯೋದಿಲ್ಲ,” ಎಂದರು. ಹೌದು ಸರ್ ಎಂದು ಕೂತೆ.

ಆ ವರ್ಷದ ಮಳೆಗಾಲದಲ್ಲಿ ಮಗುವಿನ ದಿನ ಬಂತು. ಅಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಹೊಸ್ತಿಲಲ್ಲಿ ಸುಮ್ಮನೆ ನಿಂತಿದ್ದ. ಹೋಗುವುದೋ ಬಿಡುವುದೋ ಅವನಿಗೇ ತಿಳಿದಂತಿರಲಿಲ್ಲ. ಅತ್ತೆ ಒಳಗಿನಿಂದ ಬಂದಳು.

“ಈ ವರ್ಷ ಹೋಗಬ್ಯಾಡ, ತಮ್ಮಾ. ಮಳಿ ಬರಂಗೈತಿ.”

“ಅಕ್ಕಾ, ಅದು…” ಎಂದ ಅಪ್ಪ.

“ಇರ್ಲಿ ಬಿಡು. ಬಾ, ಉಣ್ಣಾಕ ಕುಂದ್ರು.”

ಗೋಧಿ ಹುಗ್ಗಿ ಮಾಡಿದ್ದಳು, ಮಗಳಿಗೆ ಇಷ್ಟವೆಂದು. ದೇವರ ಮುಂದೆ ಒಂದು ಸಣ್ಣ ಬಟ್ಟಲಲ್ಲಿ ಎಡೆ ಇಟ್ಟು, ಮಗಳ ಹೆಸರು ಹಿಡಿದು, “ಬಾರವ್ವ, ಉಣ್ಣು” ಎಂದು ಕರೆದಳು. ಆ ಹೆಸರನ್ನು ನಾನು ನಮ್ಮ ಮನೆಯಲ್ಲಿ ಕೇಳಿದ್ದು ಅಂದೇ. ಅಪ್ಪ ತುತ್ತು ಬಾಯಲ್ಲಿಟ್ಟುಕೊಂಡೇ ಬಿಕ್ಕಿ ಬಿಕ್ಕಿ ಅತ್ತ. ಅತ್ತೆ ಅವನ ಬೆನ್ನು ಸವರುತ್ತಾ, ಇನ್ನೊಂದು ಕೈಯಿಂದ ಅವನ ತಟ್ಟೆಗೆ ತುಪ್ಪ ಹಾಕಿದಳು.

ಈಗ ಆ ಹೆಸರು ಮನೆಯಲ್ಲಿ ಆಗಾಗ ಕೇಳುತ್ತದೆ. ನಾನು ಒಳಕೋಣೆಯಲ್ಲಿದ್ದಾಗ ಅತ್ತೆ ಏನೋ ನೆನಪಿನಲ್ಲಿ ನನ್ನನ್ನು ಆ ಹೆಸರಿನಿಂದಲೇ ಕೂಗಿಬಿಡುತ್ತಾಳೆ. ನಾನು “ಬಂದೆ” ಎನ್ನುತ್ತೇನೆ.