ಕಣಕಾಲಿನ ಮೂಳೆಗೆ ಅಮ್ಮ ಕೊಡಿಸಿದ ರಜೆ

ಐವತ್ತರ ದಶಕದಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದಾಗ ನನಗೆ ಉದ್ದಜಿಗಿತದ ಹುಚ್ಚು ಹಿಡಿದಿತ್ತು. ಚಾಮರಾಜಪುರಂನ ಮನೆಯಿಂದ ಬೆಳಗಾಗುತ್ತಲೇ ಹೊರಟು, ಕಾಲೇಜು ಮೈದಾನದ ಗಟ್ಟಿ ನೆಲದ ಮೇಲೆ ಒಂಟಿಕಾಲಲ್ಲಿ ಕುಪ್ಪಳಿಸುತ್ತಿದ್ದೆ. ಒಂದು ದಿನವೂ ತಪ್ಪಿಸಿದವಳಲ್ಲ. ಕಣಕಾಲು ನೋಯತೊಡಗಿದಾಗ ಬಟ್ಟೆ ಬಿಗಿದು ಕಟ್ಟಿ, ಯಾರಿಗೂ ಹೇಳದೆ ಇನ್ನಷ್ಟು ಜಿಗಿದೆ. ಕೊನೆಗೊಮ್ಮೆ ಬಚ್ಚಲ ಮೆಟ್ಟಿಲಿಳಿಯುವಾಗ ಕಾಲೂರಲಾಗದೆ ಕುಸಿದೆ.

ನನ್ನ ಹಾರಾಟ ಅಮ್ಮನಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಬೈಯುತ್ತಲೇ ಜಟಕಾ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು. ಲೇಡಿ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಳೆಯಲ್ಲಿ ಕೂದಲೆಳೆಯಂಥ ಬಿರುಕೊಂದನ್ನು ತೋರಿಸಿದರು.

"ನಾನು ಬಡ್ಕೊಂಡೆ ಡಾಕ್ಟ್ರೇ! ಇನ್ನು ಇವಳ ಕುಣಿತ ನಿಲ್ಲಿಸ್ಬುಡಿ," ಎಂದರು ಅಮ್ಮ.

"ನಿಲ್ಲಿಸೋದು ಬೇಡ ಕಣ್ರೀ. ಮೂಳೆಗೂ ಜೀವ ಇದೆ. ಏಟು ಬಿದ್ದ ಕಡೆ ಹಳೇದನ್ನ ಕೆರೆದು ಹೊಸದಾಗಿ ಕಟ್ಕೊಳತ್ತೆ, ಮೊದಲಿಗಿಂತ ಗಟ್ಟಿಯಾಗತ್ತೆ. ಆದ್ರೆ ಕಟ್ಟೋಕೆ ಬಿಡುವು ಬೇಕಲ್ಲ? ನಿಮ್ಮ ಮಗಳು ಅದನ್ನೇ ಕೊಟ್ಟಿಲ್ಲ."

ಅಮ್ಮ ಕೇಳಿದರು: "ಹಾಗಾದ್ರೆ ಏಟೇ ಬೀಳದ ಮೂಳೆ?"

"ಸೊರಗತ್ತೆ," ಎಂದರು ಡಾಕ್ಟರು.

ಎರಡು ತಿಂಗಳು ಜಿಗಿತ ಬಂದ್. ಆ ವರ್ಷದ ಪಂದ್ಯಗಳು ನಾನಿಲ್ಲದೆಯೇ ಮುಗಿದವು. ನಾನು ಅತ್ತುಬಿಟ್ಟೆ; ಅಮ್ಮ ತಡೆಯದೆ ಅಳಲು ಬಿಟ್ಟರು. ದಿನವೂ ರಾಗಿ ಗಂಜಿ ಕುಡಿಸಿ, ಬೆಳಗಿನ ಬಿಸಿಲಿಗೆ ಜಗಲಿಯಲ್ಲಿ ಕೂರಿಸಿದರು.

ಮತ್ತೆ ಮೈದಾನಕ್ಕೆ ಹೋದಾಗ ಅಮ್ಮನೂ ಜೊತೆಗೆ ಬಂದರು. ಮರದಡಿ ಕೂತು ನನ್ನ ಜಿಗಿತಗಳನ್ನು ಎಣಿಸುವರು. ಮೊದಲ ವಾರ ಹತ್ತೇ. "ಸಾಕು ಕಣೇ, ಇವತ್ತಿಗೆ ಸಾಕು. ನಾಳೆ ಮೂಳೆಗೆ ರಜ," ಎನ್ನುವರು. ಸಿಟ್ಟು ಬಂದರೂ ಕೇಳಿದೆ. ಮರುವರ್ಷ ಎರಡನೆಯ ಬಹುಮಾನ ಬಂತು, ಕಾಲು ನೋಯಲಿಲ್ಲ.

ನಾನು ಮರೆಯದಿರುವುದು ಆ ಬಹುಮಾನವನ್ನಲ್ಲ. ಒಂದು ಬೆಳಗ್ಗೆ ಮೈದಾನದಲ್ಲಿ ನಾವಿಬ್ಬರೇ ಇದ್ದೆವು. ನಲವತ್ತು ದಾಟಿದ ಅಮ್ಮ ಅತ್ತಿತ್ತ ನೋಡಿ, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಎರಡು ಕಾಲನ್ನೂ ಕೂಡಿಸಿ ಕುಪ್ಪಳಿಸಿದರು. ಬಳೆಗಳೆಲ್ಲ ಗಲಗಲ ಎಂದವು.

"ಏನಮ್ಮಾ ಇದು?" ಎಂದೆ.

"ಹುಟ್ಟಿದಾಗಿಂದ ಯಾರೂ ನಂಗೆ ಹಾರು ಅಂತ ಅಂದಿರಲಿಲ್ಲ ಕಣೇ," ಎಂದು ನಗುತ್ತಾ, ಏದುಸಿರಲ್ಲೇ ಇನ್ನೊಮ್ಮೆ ಹಾರಿದರು. ನಾನು ಎಣಿಸತೊಡಗಿದೆ.