ಗೊರಕೆ ಹೊಡೆಯುವ ಸರ್ವರ್

ಬೀದಿಯವರೆಲ್ಲ ಸ್ಟುಡಿಯೋ ಮಾವ ಎಂದು ಕರೆಯುವ ಫೋಟೋಗ್ರಾಫರ್ ಅಳೆದೂ ಸುರಿದೂ ನೋಡದೆ ಒಂದು ಮೊಳೆಯನ್ನೂ ಕೊಂಡವರಲ್ಲ. ಇಷ್ಟು ವರ್ಷ ತೆಗೆದ ಫೋಟೋಗಳೆಲ್ಲ ಒಂದೇ ಹಳೆಯ ಕಂಪ್ಯೂಟರಿನಲ್ಲಿದ್ದವು. ಅದು ಈಚೆಗೆ ಆಗಾಗ ಪ್ರಾಣ ಬಿಟ್ಟು ಮತ್ತೆ ಎದ್ದು ಕೂರುತ್ತಿತ್ತು. ಒಮ್ಮೆ ಏಳದೇ ಹೋದರೆ ಅರ್ಧ ಊರಿನ ಮದುವೆಗಳೇ ಅಳಿಸಿಹೋಗುತ್ತವೆಂದು ಹೆದರಿ, ಕೊನೆಗೂ ಫೋಟೋಗಳನ್ನೆಲ್ಲ ಜೋಪಾನವಾಗಿಡುವ ಒಂದು ಸರ್ವರ್ ಕೊಳ್ಳಲು ಹೊರಟರು.

ಮಾರುವವನು ಎರಡನ್ನು ತಂದು, ನೋಡಿ ಆರಿಸಿಕೊಳ್ಳಿ ಎಂದು ಬಿಟ್ಟುಹೋದ. ಒಂದರಲ್ಲಿ ಒಂದೇ ಡಿಸ್ಕ್, ಸದ್ದೇ ಇಲ್ಲ. ಇನ್ನೊಂದರಲ್ಲಿ ಎರಡು ಡಿಸ್ಕ್. ಪ್ರತಿ ಫೋಟೋ ಎರಡರಲ್ಲೂ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಆದರೆ ಅದರ ಫ್ಯಾನು ಬಿಡುವಿಲ್ಲದೆ ಗುಂಯ್‌ಗುಡುತ್ತಿತ್ತು.

“ನಿಮ್ಮ ಗೊರಕೆ ಮನೇಲಿರೋದೇ ಸಾಕು, ಅಂಗಡಿಗೂ ಒಂದು ತರಬೇಡಿ,” ಎಂದು ಪಕ್ಕದಲ್ಲೇ ಕೂತು ಫೋಟೋ ತಿದ್ದುವ ಹೆಂಡತಿ ಅದನ್ನು ಬಂದ್ ಮಾಡಿದರು.

“ಕಾವಲಿಗೆ ಗೊರಕೆ ಹೊಡೆಯೋನೇ ವಾಸಿ ಕಣೇ. ಬದುಕಿದಾನೆ ಅಂತಾದ್ರೂ ಗೊತ್ತಾಗುತ್ತೆ.”

ಅಷ್ಟರಲ್ಲಿ ಒಬ್ಬ ಅಜ್ಜಿ ಪಾಸ್‌ಪೋರ್ಟ್ ಫೋಟೋಗೆಂದು ಮೊಮ್ಮಗುವನ್ನು ಎತ್ತಿಕೊಂಡು ಬಂದರು. ಮಗು ಸೂರು ಕಿತ್ತುಹೋಗುವಂತೆ ಅಳುತ್ತಿತ್ತು. ಫೋಟೋಗ್ರಾಫರ್ ಗಿಲಕಿ ಆಡಿಸಿದರು, ಬೆಕ್ಕಿನ ಹಾಗೆ ಕೂಗಿದರು. ಅಳು ಹೆಚ್ಚಿತೇ ಹೊರತು ನಿಲ್ಲಲಿಲ್ಲ. ಈ ಗಲಾಟೆಯಲ್ಲಿ ಹೆಂಡತಿಗೆ ಕೇಳಿಸದೆಂದು ಅವರು ಗೊರಕೆಯ ಸರ್ವರನ್ನು ಮೆಲ್ಲಗೆ ಹಚ್ಚಿಬಿಟ್ಟರು.

ಗುಂಯ್ ಶುರುವಾದದ್ದೇ ತಡ, ಮಗು ಗಪ್‌ಚಿಪ್. ಫೋಟೋಗ್ರಾಫರ್ ಹಿಗ್ಗಿ ಕ್ಯಾಮೆರಾ ಎತ್ತುವುದರೊಳಗೆ ಅದು ಅಜ್ಜಿಯ ಹೆಗಲ ಮೇಲೆ ನಿದ್ದೆಹೋಗಿತ್ತು.

“ಇದೇ ಇರಲಿ ಬಿಡಿ,” ಎಂದರು ಹೆಂಡತಿ. “ಆದ್ರೆ ಪಾಸ್‌ಪೋರ್ಟಿಗೆ ಕಣ್ಣು ಬಿಟ್ಟಿರಬೇಕಲ್ಲ, ಈಗ ಎಬ್ಬಿಸೋದು ಹೇಗೆ ಅಂತ ನಿಮ್ಮ ಕಾವಲುಗಾರನ್ನೇ ಕೇಳಿ.”